ನೀಲವ್ವನ ಮಗ, ಶಿವಲೀಲಾಳ ಅಣ್ಣ

ಹೋದ ತಿಂಗಳು ಗದಗಿನಿಂದ ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಳಗುಂದ ದಾಟಿದ ಮೇಲೆ ರಸ್ತೆಯ ಅರ್ಧಭಾಗಕ್ಕೆ ಹೆಸರುಕಾಳಿನ ಬಳ್ಳಿ ಹರವಿದ್ದರು. ಹಾದುಹೋಗುವ ಗಾಡಿಗಳ ಗಾಲಿಗೆ ಸಿಕ್ಕು ಕಾಯಿ ಒಡೆಯಲಿ ಎಂದು. ಡ್ರೈವರ್ ಬೈದುಕೊಳ್ಳುತ್ತಲೇ ಬಸ್ಸನ್ನು ಅದರ ಮೇಲೆ ಹಾಯಿಸಿದ. ಒಣಗಿದ ಹೊಟ್ಟಿನ ವಾಸನೆ, ಅದರ ಕೆಳಗೆ ಇನ್ನೂ ಆರದ ಎರೆಮಣ್ಣಿನ ವಾಸನೆ, ಎರಡೂ ಒಟ್ಟಿಗೆ ಒಳಗೆ ನುಗ್ಗಿದವು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಲಕ್ಷ್ಮೇಶ್ವರ ಬರುವವರೆಗೂ ಒಂದು ವರ್ಷ ನನ್ನ ಮುಂದೆ ನಿಂತೇ ಇತ್ತು.

ಆಗ ನಾನು ಈ ಭಾಗದ ಒಂದು ಜೈಲಿನ ಅಧೀಕ್ಷಕಿ. ಯಾವ ವರ್ಷ ಎಂದು ಬರೆಯುವುದಿಲ್ಲ. ಇಲ್ಲಿ ಬರುವ ಹೆಸರುಗಳೂ ನಾನೇ ಇಟ್ಟವು. ಆ ಜನ ಇನ್ನೂ ಇದ್ದಾರೆ, ಅವರ ಊರೂ ಇದೆ.

ನಾನು ಮುಂಡರಗಿಯವಳು. ಅಪ್ಪನದು ಕಿರಾಣಿ ಅಂಗಡಿ. ಧಾರವಾಡದಲ್ಲಿ ಕಾನೂನು ಓದಿ ಜೈಲು ಇಲಾಖೆ ಸೇರಿದಾಗ ಅವ್ವ ಒಂದೇ ಷರತ್ತು ಹಾಕಿದ್ದಳು: ಯಾರಾದರೂ ಕೇಳಿದರೆ ಆಫೀಸಿಗೆ ಹೋಗುತ್ತೇನೆ ಎನ್ನಬೇಕು, ಜೈಲಿಗೆ ಹೋಗುತ್ತೇನೆ ಎನ್ನಬಾರದು. ಬೆಳಗಾವಿ, ಕಲಬುರಗಿ, ಬಳ್ಳಾರಿ ಎಂದು ಸುತ್ತಿ ಕೊನೆಗೆ ನನ್ನ ಸೀಮೆಗೇ ಬಂದೆ. ಬಂದ ವರ್ಷವೇ ಊರಿನ ಕಾನೂನು ಕಾಲೇಜಿನ ಪ್ರಾಚಾರ್ಯರು ಜೈಲಿಗೆ ಬಂದು ಚಹಾ ಕುಡಿದು, ಕೊನೆಯ ವರ್ಷದವರಿಗೆ ಅಪರಾಧಶಾಸ್ತ್ರ ಮತ್ತು ಶಿಕ್ಷೆಯ ಪಾಠ ಹೇಳಲು ಯಾರೂ ಸಿಕ್ಕಿಲ್ಲ, ನೀವೇ ಬನ್ನಿ ಎಂದರು. ಇಲಾಖೆಯ ಅನುಮತಿ ಸಿಕ್ಕಿತು. ವಾರಕ್ಕೆ ಎರಡು ಮುಂಜಾನೆ ಕೈದಿಗಳ ಎಣಿಕೆ ಮುಗಿಸಿ, ಖಾಕಿ ಬಿಚ್ಚಿ ಸೀರೆ ಉಟ್ಟು ಕಾಲೇಜಿಗೆ ಹೋಗುತ್ತಿದ್ದೆ. ಪಾಠ ಮುಗಿಸಿ ಬಂದು ಮತ್ತೆ ಖಾಕಿ. ವಾರ್ಡರುಗಳಿಗೆ ಇದೊಂದು ತಮಾಷೆಯಾಗಿತ್ತು. ನನಗೆ ಅದು ಖುಷಿ. ಜೈಲಿನಲ್ಲಿ ಎಲ್ಲರೂ ನಾನು ಹೇಳಿದ್ದಕ್ಕೆ ಹೂಂ ಎನ್ನುವವರು, ತರಗತಿಯಲ್ಲಿ ಹಾಗಿರಲಿಲ್ಲ.

ಮುಂಗಾರು ಹಿಡಿದ ದಿನಗಳು. ಮೊದಲ ಪಾಠದಲ್ಲೇ ಶಿಕ್ಷೆ ಯಾಕೆ ಬೇಕು ಎಂದು ಕೇಳಿದೆ. ಹರ್ತಿಯ ಹುಡುಗನೊಬ್ಬ ಹೆದರಿಕೆಗೆ ಎಂದ. ಬೆಟಗೇರಿಯ ನೇಕಾರರ ಮನೆಯ ಹುಡುಗಿ ಸುಧಾರಣೆಗೆ ಎಂದಳು. ನನಗೆ ಬೇಕಾದ ಉತ್ತರ ಅದೇ ಆಗಿತ್ತು. ಕೈದಿಯ ಹಕ್ಕು, ಅವನ ಊಟ, ಓದು, ಮನೆಯವರು ಬಂದು ಕಾಣುವ ಮುಲಾಖತ್ತು ಎಂದು ವಿವರಿಸುತ್ತಾ ಹೋದೆ. ಎರಡನೇ ಬೆಂಚಿನಲ್ಲಿ ಕೂತಿದ್ದ ಒಬ್ಬಳು ಎದ್ದು ನಿಂತಳು. ಬಿಗಿಯಾಗಿ ಹೆಣೆದ ಜಡೆ, ಕೊರಳಿನವರೆಗೆ ಗುಂಡಿ ಹಾಕಿದ ಚೂಡಿದಾರ.

"ಜೈಲಿನ್ಯಾಗ ಇದ್ದಂವಗ ಮುಲಾಖತ್ತಿಗೆ ಅವರವ್ವ ಬರ್ತಾಳ. ಸತ್ತಂವಗ ಮುಲಾಖತ್ತು ಎಲ್ಲೈತ್ರಿ ಮೇಡಂ?"

ಒಳ್ಳೆಯ ಪ್ರಶ್ನೆ ಎಂದೆ. ಸಂತ್ರಸ್ತರ ಹಕ್ಕಿನ ಬಗ್ಗೆ ಪುಸ್ತಕದಲ್ಲಿ ಇದ್ದಷ್ಟನ್ನು ಹೇಳಿದೆ. ಅವಳು ಕೇಳಿಸಿಕೊಂಡಳು, ಕೂತಳು, ಬರೆದುಕೊಳ್ಳಲಿಲ್ಲ. ಅವಳ ಹೆಸರು ಶಿವಲೀಲಾ. ಯಳವತ್ತಿಯಿಂದಾಚೆಗಿನ ಒಂದು ಊರಿನಿಂದ ದಿನಾ ಬಸ್ಸಿಗೆ ಬರುತ್ತಾಳೆ ಎಂದು ಹಾಜರಿ ತೆಗೆಯುವಾಗ ಗೊತ್ತಾಯಿತು. ಅದಕ್ಕಿಂತ ಹೆಚ್ಚು ಗೊತ್ತಾದದ್ದು ಜೈಲಿನ ಬಾಗಿಲಿನಲ್ಲಿ.

ನಮ್ಮಲ್ಲಿ ಮಾಂತೇಶ ಎಂಬ ವಿಚಾರಣಾಧೀನ ಕೈದಿ ಇದ್ದ. ಮೂವತ್ತರ ಒಳಗಿನವನು, ಮಾತು ಕಡಿಮೆ, ಅಡುಗೆ ಕೋಣೆಯಲ್ಲಿ ರೊಟ್ಟಿ ಬಡಿಯುವ ಕೆಲಸ ತಾನೇ ಕೇಳಿ ಪಡೆದಿದ್ದ. ಹೊಲಕ್ಕೆ ಹೋಗುವ ದಾರಿಯ ಜಗಳದಲ್ಲಿ ತನ್ನ ಚಿಕ್ಕಪ್ಪನ ಮಗನನ್ನು ಸಲಿಕೆಯಿಂದ ಹೊಡೆದಿದ್ದ. ಒಂದೇ ಏಟು. ಹೊಡೆಸಿಕೊಂಡ ಈರಣ್ಣ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡ. ಮಾಂತೇಶನ ತಾಯಿ ನೀಲವ್ವ ವಾರವಾರ ಮುಲಾಖತ್ತಿಗೆ ಬರುತ್ತಿದ್ದಳು. ಜಾಲರಿಯ ಆಚೆ ಮಗ, ಈಚೆ ತಾಯಿ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಎಮ್ಮೆ ಕರು ಹಾಕಿತು, ಹೆಸರು ಹೂ ಬಿಟ್ಟಿದೆ, ಅಷ್ಟು ಹೇಳಿ ನಿಂತುಕೊಳ್ಳುತ್ತಿದ್ದಳು.

ಒಂದು ದಿನ ಜಿಟಿಜಿಟಿ ಮಳೆ. ಮುಲಾಖತ್ತು ಮುಗಿದರೂ ನೀಲವ್ವ ಬಾಗಿಲ ಬಳಿಯ ಸೂರಿನ ಕೆಳಗೆ ಕೂತೇ ಇದ್ದಳು. ಬಸ್ಸಿಗೆ ಹೊತ್ತಾಗುವುದಿಲ್ಲವೇ ಎಂದು ಕೇಳಿದೆ. ಮುಂದಿನ ಬಸ್ಸಿಗೆ ಹೋಗುತ್ತೇನೆ, ಈ ಬಸ್ಸಿಗೆ ಕಾಲೇಜಿನಿಂದ ನಮ್ಮ ಹುಡುಗಿ ಬರುತ್ತಾಳೆ ಎಂದಳು. ನಿಮ್ಮ ಹುಡುಗಿ ಬಂದರೆ ಒಟ್ಟಿಗೇ ಹೋಗಬಹುದಲ್ಲ ಎಂದೆ.

"ಸತ್ತಂವನ ತಂಗಿರೀ ಬಾಯಾರ ಆಕಿ. ನನ್ನ ಮೈದುನನ ಮಗಳು. ಅವರವ್ವಗ ಹಾಲು ಇರ್ಲಿಲ್ಲ, ನನ್ನ ಹಾಲು ಕುಡದು ಬೆಳದಾಕಿ. ಮುಂಜಾನಿ ಒಂದ ಬಸ್ಸರಿ ನಮಗ. ಆಕಿ ಮುಂದ ಕುಂತಿದ್ರ ನಾ ಹಿಂದ ಹೋಗಿ ನಿಂದರ್ತೀನಿ. ಆಕಿಗೆ ನನ್ನ ಮಾರಿ ನೋಡೋ ತ್ರಾಸು ಯಾಕ ಕೊಡಬೇಕ್ರಿ."

ಹುಡುಗಿಯ ಹೆಸರೇನು ಎಂದು ಕೇಳುವ ಅಗತ್ಯವಿರಲಿಲ್ಲ.

ಅಂದಿನಿಂದ ನನ್ನ ಎರಡು ಕೆಲಸಗಳು ಒಂದನ್ನೊಂದು ತಾಗತೊಡಗಿದವು. ಅಡುಗೆ ಕೋಣೆಯ ಮುಂದೆ ಹಾಯ್ದರೆ ಮಾಂತೇಶ ರೊಟ್ಟಿ ಬಡಿಯುವುದು ಕಾಣುತ್ತಿತ್ತು. ತರಗತಿಗೆ ಹೋದರೆ ಎರಡನೇ ಬೆಂಚು ಕಾಣುತ್ತಿತ್ತು. 'ಕೈದಿಯ ಪುನರ್ವಸತಿ' ಎಂಬ ಪದವನ್ನು ಅಷ್ಟು ವರ್ಷ ಸಲೀಸಾಗಿ ಆಡಿದವಳು ಈಗ ಆಡುವ ಮೊದಲು ಆ ಬೆಂಚಿನ ಕಡೆ ನೋಡುತ್ತಿದ್ದೆ. ನನಗೆ ವಿಷಯ ಗೊತ್ತು ಎಂಬುದನ್ನು ಅವಳಿಗೆ ಹೇಳಲಿಲ್ಲ. ಅದು ಜೈಲಿನ ಬಾಗಿಲಲ್ಲಿ ಸಿಕ್ಕ ಮಾತು, ಅದನ್ನು ಕಾಲೇಜಿಗೆ ಒಯ್ಯುವ ಹಕ್ಕು ನನಗಿಲ್ಲ ಎಂದುಕೊಂಡಿದ್ದೆ.

ಆದರೆ ಹೇಳಲೇಬೇಕಾಯಿತು. ಪ್ರತಿವರ್ಷ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಜೈಲು ನೋಡಲು ಕರೆದೊಯ್ಯುವ ರೂಢಿಯಿತ್ತು. ಬರುವವರು ಯಾರು ಎಂದು ಕೇಳಿದಾಗ ಶಿವಲೀಲಾ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಪಾಠ ಮುಗಿದ ಮೇಲೆ ಅವಳನ್ನು ಸಿಬ್ಬಂದಿ ಕೋಣೆಗೆ ಕರೆದು, ನೀನು ಯಾರು ಎಂಬುದು ನನಗೆ ಗೊತ್ತು ಎಂದೆ. ಅವಳು ಬೆಚ್ಚಲಿಲ್ಲ. ಗೊತ್ತಾಗಲಿ ಎಂದೇ ಕಾದವಳಂತೆ ಕೂತಳು. ಈ ಪಾಠ ಆರಿಸಿಕೊಂಡದ್ದೇ ಜೈಲಿನ ಒಳಗೆ ಹೋಗಲು ಎಂದಳು. ಮಾಂತೇಶನ ಜೊತೆ ಮಾತು ಬೇಡ, ಅವನು ಎಲ್ಲಿ ಮಲಗುತ್ತಾನೆ, ಮಲಗಿದರೆ ನಿದ್ದೆ ಬರುತ್ತದೋ ಇಲ್ಲವೋ, ಅದನ್ನು ಕಣ್ಣಿನಿಂದ ನೋಡಬೇಕು ಎಂದಳು.

ನಾನು ಆಗುವುದಿಲ್ಲ ಎಂದೆ. ಅವನ ವಿಚಾರಣೆ ಇನ್ನೂ ನಡೆಯಬೇಕು, ಅವಳು ಆ ಪ್ರಕರಣದಲ್ಲಿ ಕಣ್ಣಾರೆ ಕಂಡ ಸಾಕ್ಷಿ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದೆ: ಅವನು ನನ್ನ ಸುಪರ್ದಿನಲ್ಲಿದ್ದಾನೆ, ಯಾರೋ ಬಂದು ಅವನನ್ನು ಪ್ರದರ್ಶನದ ವಸ್ತುವಿನಂತೆ ನೋಡಲು ನಾನು ಬಿಡುವುದಿಲ್ಲ.

ಶಿವಲೀಲಾ ಎದ್ದಳು. "ಅಂವನ ಸಲುವಾಗಿ ಮಾತಾಡಾಕ ನೀವದೀರಿ, ವಕೀಲರದಾರ, ಅವರವ್ವ ಅದಾಳ. ಆತ್ರಿ ಮೇಡಂ," ಎಂದು ಬ್ಯಾಗು ತೆಗೆದುಕೊಂಡು ಹೋದಳು. ಮುಂದಿನ ಪಾಠಕ್ಕೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಜೈಲು ನೋಡಲು ಉಳಿದವರು ಬಂದರು, ಗೋಡೆ ಎಷ್ಟು ಎತ್ತರ ಎಂದು ಕೇಳಿದರು, ಫೋಟೋ ತೆಗೆಯಲು ಬಿಡುವುದಿಲ್ಲವೆಂದು ಬೇಸರಪಟ್ಟರು, ಹೋದರು. ನಾನು ಮಾಡಿದ್ದು ಸರಿ ಎಂದು ಈಗಲೂ ಅನ್ನಿಸುತ್ತದೆ. ಆದರೂ ಆ ಖಾಲಿ ಜಾಗದ ಎದುರು ನಿಂತು ಪಾಠ ಹೇಳುವುದು ಸುಲಭವಿರಲಿಲ್ಲ.

ಶ್ರಾವಣ ಬಂತು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಊರೂರಲ್ಲೂ ಹೆಸರು ಬಿಡಿಸುವ ಗಡಿಬಿಡಿ. ಕಾಳು ತುಂಬಿದ ಟ್ರ್ಯಾಕ್ಟರುಗಳು ಮಾರುಕಟ್ಟೆಯತ್ತ ಸಾಲುಗಟ್ಟಿದ್ದವು. ಜೈಲಿನ ಗೋಡೆ ದಾಟಿ ಒಳಗಿನ ಅಂಗಳಕ್ಕೂ ಹೊಟ್ಟಿನ ಧೂಳು ಬರುತ್ತಿತ್ತು. ಕೈದಿಗಳಲ್ಲಿ ಹೆಚ್ಚಿನವರು ಒಕ್ಕಲು ಮನೆಯವರು. ಆ ವಾಸನೆ ಬಂದಾಗ ಅವರು ಕೆಲಸ ಬಿಟ್ಟು ಒಂದು ಕ್ಷಣ ನಿಲ್ಲುವುದನ್ನು ನಾನು ನೋಡಿದ್ದೇನೆ. ಆ ವಾರದ ಮುಲಾಖತ್ತಿಗೆ ನೀಲವ್ವ ಬರಲಿಲ್ಲ. ಕೊಯ್ಲಿನ ಕೆಲಸವಿರಬೇಕು ಎಂದುಕೊಂಡೆವು. ಮಾಂತೇಶನೂ ಹಾಗೆಯೇ ಅಂದುಕೊಂಡಿದ್ದ.

ಮರುದಿನ ಮುಂಜಾನೆ ಅವನ ವಕೀಲರ ಫೋನು ಬಂತು. ಹಿಂದಿನ ಸಂಜೆ ಹೊಲದಲ್ಲಿ ಕಾಯಿ ಬಿಡಿಸುತ್ತಾ ಕೂತಲ್ಲೇ ನೀಲವ್ವ ಒರಗಿದ್ದಳು. ಎತ್ತಿ ಮನೆಗೆ ತರುವಷ್ಟರಲ್ಲಿ ಜೀವವಿರಲಿಲ್ಲ. ಮಾಂತೇಶನನ್ನು ಕಚೇರಿಗೆ ಕರೆಸಿ ನಾನೇ ಹೇಳಿದೆ. ಅವನು ಹಿಟ್ಟಿನ ಕೈಯಲ್ಲೇ ಬಂದಿದ್ದ. ಅಳಲಿಲ್ಲ. ಆ ಕೈಗಳನ್ನು ನೋಡಿಕೊಂಡು, ಅವ್ವ ಊಟ ಮಾಡಿದ್ದಳೇ ಎಂದು ಕೇಳಿದ.

ಅವನು ಒಬ್ಬನೇ ಮಗ. ತಂದೆ ಮೊದಲೇ ಹೋಗಿದ್ದ. ವಕೀಲರು ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಪೊಲೀಸ್ ಬೆಂಗಾವಲಿನಲ್ಲಿ ಹೋಗಿ ಮಣ್ಣು ಮಾಡಿ ಸಂಜೆಯೊಳಗೆ ಮರಳಬೇಕೆಂದು ಆದೇಶ ಬರುವಾಗ ಮಧ್ಯಾಹ್ನವಾಗಿತ್ತು. ಬೆಂಗಾವಲಿನ ಸಿಬ್ಬಂದಿ ಬಂದೋಬಸ್ತಿಗೆ ಬೇರೆ ಕಡೆ ಹೋಗಿದ್ದರು. ಅವರು ಬರುವವರೆಗೆ ಕಾಯಬೇಕಿತ್ತು. ಇನ್ಸ್‌ಪೆಕ್ಟರ್ ಫೋನಿನಲ್ಲಿ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಊರಿನಲ್ಲಿ ಈರಣ್ಣನ ಕಡೆಯವರು ಅವನು ಓಣಿಗೆ ಕಾಲಿಡಬಾರದು ಎನ್ನುತ್ತಿದ್ದಾರೆ, ಗಲಾಟೆಯಾಗುವಂತಿದ್ದರೆ ಮನೆಗೆ ಬಿಡದೆ ನೇರ ಹೊಲಕ್ಕೇ, ಮಣ್ಣು ಮಾಡುವ ಜಾಗಕ್ಕೇ ಒಯ್ಯುತ್ತೇವೆ ಎಂದರು.

ಶಿವಲೀಲಾಳ ನಂಬರು ನನ್ನ ಬಳಿ ಇತ್ತು. ಅವಳ ಮಾತನ್ನು ಮನೆಯವರು ಕೇಳುತ್ತಾರೆ ಎಂದೂ ಅನ್ನಿಸಿತ್ತು. ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಪಾಠ ಹೇಳಿದ ಸಲಿಗೆಯನ್ನು ಜೈಲಿನ ಕೆಲಸಕ್ಕೆ ಬಳಸುವುದು ಸರಿಯಲ್ಲ, ಅದೂ ಅಣ್ಣನನ್ನು ಕಳೆದುಕೊಂಡವಳ ಹತ್ತಿರ. ಹಾಗೆ ಕೂತಿರುವಾಗ ಫೋನು ತಾನಾಗಿಯೇ ಬಡಿದುಕೊಂಡಿತು. ಅವಳೇ.

"ಮೇಡಂ, ಅಂವನ್ನ ಕಳಸ್ತೀರೋ ಇಲ್ಲೋ ಅಷ್ಟ ಹೇಳ್ರಿ. ಹಿರ್ಯಾರು ಹೊತ್ತಾತು ಎತ್ತೂನು ಅನ್ನಾಕತ್ತಾರ."

ಕಳಿಸುತ್ತೇವೆ, ತಡವಾಗುತ್ತದೆ ಎಂದೆ. ನಿಮ್ಮ ಮನೆಯವರು ಬಿಡುವುದಿಲ್ಲ ಎನ್ನುತ್ತಿದ್ದಾರಂತೆ ಎಂದೂ ಹೇಳಿದೆ. ಆ ಕಡೆ ಭಜನೆಯ ತಾಳ ಕೇಳುತ್ತಿತ್ತು. ಅವಳು ಅದರಿಂದ ದೂರ ಸರಿದು ಬಂದು ಮಾತಾಡಿದಳು.

"ಮಗಾ ಬರೋಮಟ ದೊಡ್ಡವ್ವನ್ನ ಎತ್ತಾಕ ನಾ ಬಿಡಾಂಗಿಲ್ಲ. ನಮ್ಮಪ್ಪಗ ಹೇಳೀನಿ. ಆದ್ರ ನಾ ಅಂವಗ ಮಾಫಿ ಮಾಡೀನಿ ಅಂತ ನೀವು ತಿಳ್ಕೋಬ್ಯಾಡ್ರಿ. ಇದು ದೊಡ್ಡವ್ವಗ."

ಬೆಂಗಾವಲಿನ ಜೊತೆ ನಾನು ಹೋಗಬೇಕೆಂದೇನೂ ಇರಲಿಲ್ಲ. ಜೈಲರಿಗೆ ಜವಾಬ್ದಾರಿ ವಹಿಸಿ ಇಲಾಖೆಯ ಜೀಪಿನಲ್ಲಿ ಪೊಲೀಸ್ ವ್ಯಾನಿನ ಹಿಂದೆ ಹೊರಟೆ. ದಾರಿಯುದ್ದಕ್ಕೂ ಹೆಸರು ಹರವಿದ್ದರು. ಅಲ್ಲಲ್ಲಿ ವ್ಯಾನು ನಿಧಾನವಾದಾಗ ಬದಿಗೆ ನಿಂತ ಹೆಂಗಸರು ಒಳಗೆ ಇಣುಕಿ ನೋಡುತ್ತಿದ್ದರು. ಊರಿನ ಹೊರಗೆ ಇನ್ಸ್‌ಪೆಕ್ಟರ್ ವ್ಯಾನು ನಿಲ್ಲಿಸಿ, ಜೊತೆಗೆ ಒಬ್ಬ ಪೇದೆಯನ್ನು ಅಂಟಿಕೊಂಡೇ ನಡೆಯಲು ಹೇಳಿ ಮಾಂತೇಶನನ್ನು ಇಳಿಸಿದರು. ಓಣಿಯ ಎರಡೂ ಕಡೆ ಜನ. ಕಟ್ಟೆಯ ಮೇಲೆ ಕೂತಿದ್ದ ಶಿವಲೀಲಾಳ ತಂದೆ ಅವನು ಹತ್ತಿರ ಬಂದಾಗ ಗೋಡೆಯ ಕಡೆ ಮುಖ ತಿರುಗಿಸಿದರು. ಆದರೆ ಎದ್ದು ಹೋಗಲಿಲ್ಲ, ಅಡ್ಡವೂ ಬರಲಿಲ್ಲ.

ಮನೆಯ ಮುಂದಿನ ಚಪ್ಪರದಲ್ಲಿ ನೀಲವ್ವನನ್ನು ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಹೊಸ ಸೀರೆ, ಕೊರಳಿಗೆ ಹೂವು. ಮಾಂತೇಶ ಅಷ್ಟು ದೂರದಲ್ಲಿ ನಿಂತುಬಿಟ್ಟ. ಮುಂದೆ ಹೋಗಲು ಅವನಿಗೆ ಆಗಲಿಲ್ಲ. ತಲೆಬಾಗಿಲಲ್ಲಿ ನಿಂತಿದ್ದ ಶಿವಲೀಲಾ ಒಳಗಿನವರಿಗೆ ಒಂದು ಕೊಡ ನೀರು ತರಲು ಹೇಳಿದಳು, ಅವನು ಮೈ ತೊಳೆದುಕೊಳ್ಳಲಿ ಎಂದು. ಅವಳ ಧ್ವನಿ ಕೇಳಿದೊಡನೆ ಅವನು ಆ ಕಡೆ ತಿರುಗಿ ಎರಡೂ ಕೈ ಜೋಡಿಸಿದ. ಬಾಯಿ ತೆರೆದ.

"ನನ್ನ ಕಡಿ ನೋಡಬ್ಯಾಡ," ಎಂದಳು ಅವಳು. "ನಿನ್ನ ಕೆಲಸ ಮಾಡು."

ಅವನು ಮಾಡಿದ. ಸ್ನಾನ ಮಾಡಿ ಬಂದು ತಾಯಿಯ ಪಾದಕ್ಕೆ ಹಣೆ ಹಚ್ಚಿದ, ಹೆಗಲು ಕೊಟ್ಟ, ಅವರ ಹೊಲದಲ್ಲಿ ತೋಡಿದ ಕುಣಿಯಲ್ಲಿ ಮೊದಲ ಹಿಡಿ ಮಣ್ಣು ಹಾಕಿದ. ಎರೆಮಣ್ಣು ಹಸಿಯಾಗಿತ್ತು, ಬೆರಳಿಗೆ ಅಂಟಿಕೊಂಡು ಬೀಳದೆ ಉಳಿಯಿತು. ಕೈ ಕೊಡವಿ ಕೊಡವಿ ಕೊನೆಗೆ ಅಲ್ಲಿಯೇ ಕುಸಿದು ಅತ್ತ. ಆಗ ಅವನನ್ನು ಎಬ್ಬಿಸಿದ್ದು ಜೊತೆಗಿದ್ದ ಪೇದೆ. ಊರವರು ಯಾರೂ ಹತ್ತಿರ ಬರಲಿಲ್ಲ. ಶಿವಲೀಲಾ ಹೆಂಗಸರ ಗುಂಪಿನಲ್ಲಿ ನಿಂತು, ತನ್ನ ಸರದಿ ಬಂದಾಗ ಮಣ್ಣು ಹಾಕಿ ಹಿಂದೆ ಸರಿದಳು. ಹೊತ್ತು ಮುಳುಗುವ ಮೊದಲು ನಾವು ಹೊರಟೆವು. ದೂರದಲ್ಲಿ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ವ್ಯಾನಿನ ಹಿಂದಿನ ಕಿಟಕಿಯಲ್ಲಿ ಮಾಂತೇಶನ ಒದ್ದೆ ತಲೆ ಮಾತ್ರ ಕಾಣುತ್ತಿತ್ತು.

ಮುಂದಿನ ವಾರ ಅವಳು ತರಗತಿಗೆ ಬಂದಳು. ಅದೇ ಬೆಂಚು. ನಡುವೆ ಏನೂ ಆಗಿಲ್ಲವೆಂಬಂತೆ ಪ್ರಶ್ನೆ ಕೇಳಿದಳು, ಜಾಮೀನಿನ ಬಗ್ಗೆ ಹರ್ತಿಯ ಹುಡುಗನ ಜೊತೆ ವಾದ ಮಾಡಿದಳು.

ಚಳಿ ಬಿದ್ದು ಬಿಳಿಜೋಳ ಎದೆಯೆತ್ತರ ನಿಂತಾಗ ಸಾಕ್ಷಿಗಳಿಗೆ ನ್ಯಾಯಾಲಯದಿಂದ ಕರೆ ಬಂತು. ಒಂದು ದಿನ ಪಾಠದ ನಂತರ ಅವಳು ಹಿಂದೆಯೇ ಬಂದು, ಒಂದು ಮಾತು ಕೇಳಲೇ ಎಂದಳು. ಕಾಲೇಜಿನ ಮೆಟ್ಟಿಲ ಮೇಲೆ ನಿಂತಿದ್ದೆವು. ಆ ಜಗಳದ ದಿನ ಅಣ್ಣನಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದವಳು ಅವಳೇ. ಅವಳು ಕಂಡಂತೆ, ಸಲಿಕೆ ಮೊದಲು ಇದ್ದದ್ದು ಈರಣ್ಣನ ಕೈಯಲ್ಲಿ. ಅವನೇ ಎತ್ತಿದ. ಮಾಂತೇಶ ಅದನ್ನು ಕಸಿದುಕೊಂಡು ಹೊಡೆದ. ಇಷ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾಂತೇಶ ಸಲಿಕೆ ಹಿಡಿದೇ ಬಂದಿದ್ದ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಹೇಳಿ ಹೇಳಿ ನಂಬಿಯೂ ಇದ್ದರು.

ನಾನು ಗಾಬರಿಯಾದೆ. "ಇದನ್ನ ನನ್ನ ಮುಂದ ಹೇಳಬ್ಯಾಡ," ಎಂದೆ. "ಸರ್ಕಾರಿ ವಕೀಲರ ಮುಂದ ಹೇಳು. ಅಂವ ನನ್ನ ಜೈಲಿನ್ಯಾಗ ಅದಾನ, ನಾ ನಿನಗ ಸಲಹೆ ಕೊಡಾಕ ಬರಾಂಗಿಲ್ಲ."

"ಜೈಲಿನ ಮೇಡಂನ್ನ ಕೇಳವಲ್ಲೆ. ಪಾಠ ಹೇಳಾಕಿನ್ನ ಕೇಳಾಕತ್ತೀನಿ. ಸಾಕ್ಷಿ ಎಷ್ಟು ಹೇಳಬೇಕ್ರಿ?"

ತರಗತಿಯಲ್ಲಿ ಯಾರು ಕೇಳಿದರೂ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟೆ. ಕಂಡಿದ್ದನ್ನು ಹೇಳಬೇಕು, ಪೂರ್ತಿ ಹೇಳಬೇಕು, ಅದರಿಂದ ಯಾರಿಗೆ ಏನಾಗುತ್ತದೆ ಎಂಬುದು ಸಾಕ್ಷಿಯ ಕೆಲಸವಲ್ಲ. ನನಗೆ ಅದು ಪುಸ್ತಕದ ಮಾತು, ಬಾಯಿಗೆ ಬಂದುಬಿಡುತ್ತದೆ. ಅವಳು ಅದನ್ನು ಹೊತ್ತುಕೊಂಡು ಅದೇ ಮನೆಗೆ ಹೋಗಿ ಊಟ ಮಾಡಬೇಕಿತ್ತು.

ಅವಳು ನ್ಯಾಯಾಲಯದಲ್ಲಿ ಪೂರ್ತಿ ಹೇಳಿದಳು. ತಂದೆ ಅಲ್ಲಿಯೇ ಕೂತಿದ್ದರಂತೆ. ಆಮೇಲೆ ತಿಂಗಳುಗಟ್ಟಲೆ ಮಗಳ ಜೊತೆ ಮಾತು ಬಿಟ್ಟರು. ಅವಳು ಶಿರಹಟ್ಟಿಯ ಸೋದರಮಾವನ ಮನೆಯಲ್ಲಿ ಇದ್ದು ಕಾಲೇಜಿಗೆ ಬರತೊಡಗಿದಳು. ಬೇಸಿಗೆಯ ಮೊದಲಲ್ಲಿ ತೀರ್ಪು ಬಂತು. ಕೊಲೆ ಎಂದು ಬರಲಿಲ್ಲ, ಕೊಲೆಯಲ್ಲದ ನರಹತ್ಯೆ ಎಂದು ಬಂತು. ಮಾಂತೇಶನಿಗೆ ಜೀವಾವಧಿಯಲ್ಲ, ಕೆಲವು ವರ್ಷಗಳ ಶಿಕ್ಷೆಯಾಯಿತು. ಅವನನ್ನು ದೊಡ್ಡ ಕಾರಾಗೃಹಕ್ಕೆ ಕಳಿಸಬೇಕಿತ್ತು.

ಹೋಗುವ ದಿನ ಮುಂಜಾನೆ ಅವನನ್ನು ಕಚೇರಿಗೆ ಕರೆತಂದರು. ಅಲ್ಲಿಯೂ ಅಡುಗೆ ಕೆಲಸ ಕೇಳಿಕೋ, ಓದಲು ಬಂದರೆ ಓದು ಎಂದು ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ತಲೆಯಾಡಿಸಿದ. ಬಾಗಿಲವರೆಗೆ ಹೋದವನು ನಿಂತ.

"ಆಕಿ ಸುಳ್ಳು ಹೇಳಿದ್ರ ಚಲೋ ಇತ್ರಿ ಮೇಡಂ," ಎಂದ. "ಆಕಿ ಮ್ಯಾಲೆ ಸಿಟ್ಟು ಮಾಡ್ಕೊಂಡು ಅಷ್ಟೂ ವರ್ಷ ತೆಗೀತಿದ್ದೆ. ಈಗ ಆ ಸಿಟ್ಟೂ ಇಲ್ಲ. ಬರೇ ಈರಣ್ಣನ್ನ ನೆನಸ್ಕೋಂತ ಕುಂಡ್ರಬೇಕು."

ವ್ಯಾನು ಹೊರಟಿತು. ನಾನು ಸೀರೆ ಉಟ್ಟು ಕಾಲೇಜಿಗೆ ಹೋದೆ. ಅಂದು ಆ ವರ್ಷದ ಕೊನೆಯ ಪಾಠ. ಪರೀಕ್ಷೆಗೆ ಬರಬಹುದಾದ ಪ್ರಶ್ನೆಗಳನ್ನು ಹೇಳಬೇಕೆಂದು ಹುಡುಗರು ಕಾದಿದ್ದರು. ನಾನು ಪುಸ್ತಕ ತೆರೆದೆ, ಮುಚ್ಚಿದೆ. ಮಾಂತೇಶನ ಮಾತನ್ನು ಶಿವಲೀಲಾಳಿಗೆ ಹೇಳುವುದು ನನ್ನ ಕೆಲಸವಾಗಿರಲಿಲ್ಲ, ಹೇಳಲೂ ಇಲ್ಲ. ಆದರೆ ಒಂದು ಯೋಚನೆ ಬಂದಿತ್ತು. ಇಡೀ ವರ್ಷ ಅಪರಾಧ ಮಾಡಿದವರ ಬಗ್ಗೆ ಮಾತಾಡಿದ್ದೆವು. ಅವರ ಬಾಲ್ಯ, ಬಡತನ, ಸಿಟ್ಟು, ಸುಧಾರಣೆ ಎಲ್ಲ. ಸತ್ತವರು ಪ್ರಕರಣದ ಹೆಸರಿನಲ್ಲಿ ಮಾತ್ರ ಇದ್ದರು. ನಿಮಗೆ ಗೊತ್ತಿದ್ದವರು ಯಾರಾದರೂ ಹಾಗೆ ಹೋಗಿದ್ದರೆ, ಸತ್ತದ್ದು ಹೇಗೆ ಎಂದು ಬೇಡ, ಇದ್ದದ್ದು ಹೇಗೆ ಎಂದು ಯಾರಾದರೂ ಹೇಳುತ್ತೀರಾ ಎಂದು ಕೇಳಿದೆ.

ಎಲ್ಲರಿಗೂ ಅಷ್ಟರಲ್ಲಿ ಶಿವಲೀಲಾಳ ವಿಷಯ ಗೊತ್ತಿತ್ತು, ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ಅವಳು ಎದ್ದು ನಿಂತಳು.

"ನಮ್ಮಣ್ಣನ ಹೆಸರು ಈರಣ್ಣ," ಎಂದಳು. ಅವನ ಹೆಸರನ್ನು ಅವಳು ಆ ತರಗತಿಯಲ್ಲಿ ಹೇಳಿದ್ದು ಅದೇ ಮೊದಲು. ಅಣ್ಣ ಚೆನ್ನಾಗಿ ಹಾಡುತ್ತಿದ್ದ, ಆದರೆ ಯಾರಾದರೂ ಕೇಳುತ್ತಿದ್ದಾರೆ ಎಂದು ಗೊತ್ತಾದರೆ ನಿಲ್ಲಿಸಿಬಿಡುತ್ತಿದ್ದ ಎಂದಳು. ಇವಳು ಕಾನೂನು ಓದಬೇಕು ಎಂದಾಗ ಮನೆಯಲ್ಲಿ ಬೇಡ ಎಂದವರ ಜೊತೆ ವಾರಗಟ್ಟಲೆ ಜಗಳವಾಡಿದವನು ಅವನೇ. ಸಿಟ್ಟು ಮೂಗಿನ ತುದಿಯಲ್ಲೇ. ಊಟದ ತಾಟು ಎಸೆಯುತ್ತಿದ್ದ, ಆಮೇಲೆ ಚೆಲ್ಲಿದ್ದನ್ನು ತಾನೇ ಬಳಿಯುತ್ತಿದ್ದ. ಎತ್ತುಗಳ ಮೇಲೆ ಮಾತ್ರ ಒಂದು ದಿನವೂ ಕೈ ಎತ್ತಿದವನಲ್ಲ.

"ಎತ್ತಿಗೆ ಬಾಯಿ ಇಲ್ಲ, ಅದಕ್ಕ ಹೊಡೀಬಾರದು ಅಂತಿದ್ದ," ಎಂದಳು. "ನಾವು ಬಾಯಿ ಇದ್ದವರು, ನಮಗ ಹೊಡೀತಿದ್ದ."

ಹಿಂದಿನ ಬೆಂಚಿನಲ್ಲಿ ಯಾರೋ ತಡೆಯಲಾರದೆ ಕಿಸಕ್ಕೆಂದು ನಕ್ಕು, ಹೆದರಿ ಬಾಯಿ ಮುಚ್ಚಿಕೊಂಡರು. ಶಿವಲೀಲಾ ತಿರುಗಿ ನೋಡಿದಳು. ಆಮೇಲೆ ಅವಳೂ ನಕ್ಕಳು. ನಗುತ್ತಲೇ ಓಢಣಿಯ ಚುಂಗಿನಿಂದ ಕಣ್ಣು ಒರೆಸಿಕೊಂಡು, ಇನ್ನೂ ಐತ್ರಿ, ಹೇಳ್ತೀನಿ ತಡೀರಿ ಎಂದು ಅಣ್ಣನ ಕತೆ ಮುಂದುವರಿಸಿದಳು.